ಚಪ್ಪಲಿ ಸ್ಟ್ಯಾಂಡ್ ಮೇಲೆ ಫೋನ್



ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಮಿಶ್ ಅನ್ನೋ ವಿಶ್ವಾಸಿಗಳಿದ್ದಾರೆ. ಓಡಾಟಕ್ಕೆ ಕುದುರೆಗಾಡಿ, ಮನೆಗೆ ಕರೆಂಟ್ ಲೈನ್ ಇಲ್ಲ. ಅನೇಕರಿಗೆ ಫೋನ್ ಇದೆ, ಆದ್ರೆ ಮನೆಯೊಳಗಲ್ಲ. ಹೊರಗೊಂದು ಪುಟ್ಟ ಗೂಡಿನಲ್ಲಿ. ಫೋನೇ ಪಾಪ ಅಂತಲ್ಲ. ಹೊಸದೇನು ಬಂದ್ರೂ ಅವರು ಕೇಳೋದು ಒಂದೇ: ಇದು ನಮ್ಮ ಮನೆಯನ್ನ, ಸಭೆಯನ್ನ ಏನು ಮಾಡುತ್ತೆ?

ನಾವು ಕೇಳೋದು, ಎಷ್ಟು ಜಿಬಿ? ನಾನೂ ಅಷ್ಟೇ. ಮೊನ್ನೆ ಊಟಕ್ಕೆ ಕೂತಾಗ ಮಗಳು ಮೂರು ಸಲ "ಅಪ್ಪಾ" ಅಂದಳಂತೆ, ನನಗೆ ಕೇಳಿಸಲೇ ಇಲ್ಲ. ಫೋನಲ್ಲಿ ಪ್ರಸಂಗ ಕೇಳ್ತಿದ್ದೆ!

2006ರಲ್ಲಿ ಒಬ್ಬ ಅವರ ಶಾಲೆಗೆ ನುಗ್ಗಿ ಐದು ಹೆಣ್ಣುಮಕ್ಕಳನ್ನ ಕೊಂದು ತಾನೂ ಸತ್ತ. ಅದೇ ದಿನ ಆಮಿಶರು ಅವನ ಮನೆಯವರನ್ನ ಸಂತೈಸಲು ಹೋದರು. ಅವನ ಮಣ್ಣಿಗೂ ಬಂದರು. ಅಂಥ ಕ್ಷಮೆ ಒಂದೇ ದಿನದಲ್ಲಿ ಹುಟ್ಟಲ್ಲ, ಪ್ರಿಯರೇ. ದಿನವೂ ಒಟ್ಟಿಗೆ ಕೂತು ಕಲಿಯುವಂಥದ್ದು.

ಅವರಲ್ಲೂ ಪಾಪ ಇದೆ, ಅವರೂ ಮನುಷ್ಯರೇ. ಯೋಹಾನ 17 ಓದಿ: ನಮ್ಮನ್ನ ಲೋಕದಿಂದ ಎತ್ತಿಬಿಡಬೇಕೆಂದು ಯೇಸುಸ್ವಾಮಿ ಬೇಡಲಿಲ್ಲ, ಲೋಕದಲ್ಲೇ ಕಾಯಬೇಕೆಂದು ಬೇಡಿದರು. ಹಾಗಾಗಿ ಮೆಟ್ರೋ ಹತ್ತಿ, ಕೆಲಸಕ್ಕೆ ಹೋಗಿ. ಆದ್ರೆ ಇವತ್ತು ರಾತ್ರಿ ಊಟದ ಹೊತ್ತಿಗೆ ಫೋನ್ ಚಪ್ಪಲಿ ಸ್ಟ್ಯಾಂಡ್ ಮೇಲಿರಲಿ. ನಮ್ಮನೆಯಲ್ಲಿ ಶುರುವಾಗಿದೆ.

ಆಮೆನ್.