ಎಡಗೈಗೆ ತಿಳಿಯದ ಸೇವೆ

‘ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು’ ಎಂದು ನಮ್ಮಲ್ಲಿ ಎಲ್ಲ ಮತದವರೂ ಹೇಳುತ್ತಾರೆ. ಬಡವರ ಮನೆಯ ಮದುವೆಗೆ ಸದ್ದಿಲ್ಲದೆ ಹಣ ಕೊಟ್ಟವರನ್ನು, ಹೆಸರು ಬರೆಸದೆ ಶಾಲೆಗೆ ಕೋಣೆ ಕಟ್ಟಿಸಿದವರನ್ನು ಹೊಗಳುವಾಗ ಈ ಮಾತು ತಾನಾಗಿ ಬಾಯಿಗೆ ಬರುತ್ತದೆ. ಇದರ ಮೂಲ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯ. ಯೇಸು ಬೆಟ್ಟದ ಮೇಲೆ ಮಾಡಿದ ಉಪದೇಶದಲ್ಲಿ ದಾನದ ಬಗ್ಗೆ ಹೇಳಿದ್ದು ನಮ್ಮೂರಿನ ಗಾದೆಯಾಗಿಬಿಟ್ಟಿದೆ.

ಗುಟ್ಟಾಗಿ ಕೊಡು ಎಂಬುದು ಇದರ ಮೇಲುನೋಟದ ಅರ್ಥ. ಆದರೆ ಎಡಗೈ ಪಕ್ಕದ ಮನೆಯವರದಲ್ಲವಲ್ಲ, ಕೊಟ್ಟವರದೇ. ಅಂದಮೇಲೆ ಕೊಟ್ಟದ್ದನ್ನು ತನ್ನ ಮನಸ್ಸಿನಿಂದಲೂ ಮರೆಮಾಡಬೇಕು. ಇಂಥವರಿಗೆ ಇಷ್ಟು ಮಾಡಿದೆ ಎಂಬ ಲೆಕ್ಕ ಒಳಗೂ ಬೆಳೆಯಕೂಡದು. ಅದೇ ಉಪದೇಶದಲ್ಲಿ ಸ್ವಲ್ಪ ಮೊದಲು, ಹಚ್ಚಿದ ದೀಪವನ್ನು ಮುಚ್ಚಿಡಬಾರದೆಂಬ ಅರ್ಥದ ಮಾತೂ ಇದೆ. ಎರಡನ್ನೂ ಕೂಡಿಸಿ ಓದಿದರೆ ತಾತ್ಪರ್ಯ ತಿಳಿಯಾಗುತ್ತದೆ: ಕೆಲಸ ನಾಲ್ಕು ಜನರ ಕಣ್ಣಿಗೆ ಬಿದ್ದರೆ ದೋಷವಿಲ್ಲ, ಮಾಡಿದವರು ಅದನ್ನು ಎಣಿಸುತ್ತ ಕೂತರೆ ದೋಷ. ಮುಂದೆ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಕಡೆಯ ತೀರ್ಪಿನ ಪ್ರಸಂಗ ಬರುತ್ತದೆ. ಅಲ್ಲಿ ಸಜ್ಜನರು, ನಿನಗೆ ನಾವು ಯಾವಾಗ ಉಣಿಸಿದೆವು ಎಂದು ಅರಸನನ್ನೇ ಬೆರಗಿನಿಂದ ಕೇಳುತ್ತಾರೆ. ಮಾಡಿದ್ದನ್ನು ಅವರು ಪುಣ್ಯವೆಂದು ಬರೆದಿಟ್ಟುಕೊಂಡೇ ಇರಲಿಲ್ಲ.

ಹೀಗೆ ಬದುಕಿದ ಒಬ್ಬಳು ನನ್ನ ಗೆಳತಿ. ಮಂಗಳೂರಿನ ಕಡೆಯ ಕೊಂಕಣಿ ಮನೆಯವಳು. ನರ್ಸಿಂಗ್ ಕಲಿತು, ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ತೊಟ್ಟು ಧರ್ಮಭಗಿನಿಯಾದಳು. ಕುಷ್ಠರೋಗಿಗಳ ಆರೈಕೆಯಲ್ಲೇ ಆಯುಸ್ಸು ಕಳೆದು ಈಚೆಗೆ ತೀರಿಕೊಂಡಳು. ಮಂಗಳೂರಿಗೆ ಈ ಸೇವೆ ಹಳೆಯದು. ಜರ್ಮನಿಯ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿ ಕೊಡತೊಡಗಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದ್ದರು.

ಅವಳ ಬೆಳಗು ರೋಗಿಗಳ ಕಾಲು ತೊಳೆಯುವುದರಿಂದ ಶುರುವಾಗುತ್ತಿತ್ತು. ಕುಷ್ಠ ನರಗಳನ್ನು ಕೆಡಿಸಿದ ಮೇಲೆ ಅಂಗಾಲಿಗೆ ಮುಳ್ಳು ಚುಚ್ಚಿದರೂ ನೋಯುವುದಿಲ್ಲ. ಗಾಯ ಗೊತ್ತಾಗದೆ ಹುಣ್ಣಾಗುತ್ತದೆ. ಅದಕ್ಕೇ ಅವಳು ಕಾಲುಗಳನ್ನು ಬೋಗುಣಿಯ ನೀರಿನಲ್ಲಿ ನೆನೆಹಾಕಿ, ಗಟ್ಟಿ ಚರ್ಮವನ್ನು ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಒದ್ದೆ ಆರುವ ಮೊದಲೇ ಎಣ್ಣೆ ಸವರಿ, ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದಳು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ರೋಗ ಪೂರ್ತಿ ವಾಸಿಯಾಗತೊಡಗಿತು. ವಾಸಿಯಾದವರನ್ನು ಒಳಗೆ ಸೇರಿಸಲು ಎಷ್ಟೋ ಮನೆಗಳು ಮಾತ್ರ ಒಪ್ಪಲಿಲ್ಲ. ಅವಳು ಆ ಮನೆಗಳಿಗೇ ಹೋಗಿ, ಜಗಲಿಯಲ್ಲಿ ಕೂತು, ಗುಣವಾದವರು ಕುಡಿದಿಟ್ಟ ಲೋಟದಲ್ಲೇ ನೀರು ಕುಡಿದು ತೋರಿಸುತ್ತಿದ್ದಳು.

ಹೀಗೆ ಎಷ್ಟು ಮಂದಿಯನ್ನು ಮನೆ ಸೇರಿಸಿದೆ ಎಂದು ಒಮ್ಮೆ ಕೇಳಿದೆ. ‘ಅದೆಲ್ಲ ಯಾರಿಗೆ ನೆನಪಿದೆ ಮಾರಾಯ್ತಿ! ಇನ್ನೂ ಮೂವರು ಉಳಿದಿದ್ದಾರೆ, ಅವರದ್ದೇ ಯೋಚನೆ’ ಎಂದಳು. ಆ ಮೂವರ ಹೆಸರು, ಊರು, ಮನೆಯಲ್ಲಿ ತಕರಾರು ಯಾರದು ಎಂಬುದೆಲ್ಲ ಅವಳಿಗೆ ಬಾಯಿಪಾಠ. ವರ್ಗಾವಣೆಯ ಆದೇಶ ಬಂದರೆ ಒಂದು ಪೆಟ್ಟಿಗೆ ಹಿಡಿದು ಹೊರಟುಬಿಡುತ್ತಿದ್ದಳು. ತಾನು ಶುರುಮಾಡಿದ್ದನ್ನು ಇನ್ನೊಬ್ಬ ಸಿಸ್ಟರ್ ಮುಂದುವರಿಸಿದರೆ ಸಾಕೆನ್ನುವಳು. ಸಂಬಳ ಹೇಗೂ ಕಾನ್ವೆಂಟಿಗೆ ಸೇರುತ್ತಿತ್ತು. ಬಡತನದ ವ್ರತ ಅವಳಿಂದ ಹಣದ ಜೊತೆಗೆ ಮಾಡಿದ ಕೆಲಸದ ಒಡೆತನವನ್ನೂ ಬಿಡಿಸಿತ್ತು. ಎಡಗೈಗೆ ತಿಳಿಯದಂತೆ ಕೊಡುವುದೆಂದರೆ ಇದೇ.

ಈ ಮಾತು ಕಟ್ಟಿಹಾಕುವುದು ಕೊಟ್ಟವರನ್ನು ಮಾತ್ರ. ಅವರು ಮರೆಯಬೇಕು, ಪಡೆದವರೂ ಕಂಡವರೂ ಮರೆತರೆ ಅದು ಕೃತಘ್ನತೆ. ಆಸ್ಪತ್ರೆ ಕಟ್ಟಿಸಿದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆ, ಹುಣ್ಣು ತೊಳೆದವರ ಹೆಸರನ್ನು ಕಾಗದದಲ್ಲೂ ಬರೆದಿಡುವುದಿಲ್ಲ. ನಿಮ್ಮೂರಿನ ಕಾನ್ವೆಂಟಿನಲ್ಲಿ ವಯಸ್ಸಾದ ಸಿಸ್ಟರ್‌ಗಳಿದ್ದರೆ ಹೋಗಿ ಮಾತಾಡಿಸಿ. ತಮ್ಮ ಸೇವೆಯ ಬಗ್ಗೆ ಅವರು ಹೆಚ್ಚು ಹೇಳಲಾರರು. ಅವರ ಕೈಯಲ್ಲಿ ಗುಣವಾದವರನ್ನು, ಅವರಿಂದ ಅಕ್ಷರ ಕಲಿತವರನ್ನು ಹುಡುಕಿ ಕೇಳಿ, ಕೇಳಿದ್ದನ್ನು ಬರೆದಿಡಿ.