ಮಂಚ ತಗೊಂಡ್ಯಾ?

ಅಮೆರಿಕಕ್ಕೆ ಹೋದ ನಾಲ್ಕನೆಯ ವರ್ಷ ನಾನೊಂದು ಮಂಚ ಕೊಂಡೆ. ಊರು ಬಿಟ್ಟು ಹೊರಟಿದ್ದ ಸೀನಿಯರ್ ಒಬ್ಬರು ಅರವತ್ತು ಡಾಲರಿಗೆ ಕೊಟ್ಟ ಹಳೆಯ ಮರದ ಮಂಚ. ಅಲ್ಲಿಯವರೆಗೂ ನೆಲದ ಮೇಲೇ ಹಾಸಿಗೆ. ಕಂಪ್ಯೂಟರ್ ಸೈನ್ಸಿನಲ್ಲಿ ಎಂ.ಎಸ್. ಓದಿದ ಮೊದಲೆರಡು ವರ್ಷ ಕೈ ಬಿಗಿಯಾಗಿತ್ತು, ನಿಜ. ಆದರೆ ಪಿಎಚ್.ಡಿ.ಗೆ ಸೇರಿದ ಮೇಲೆ ಫೀಸು ಮಾಫಿಯಾಗಿತ್ತು, ಟಿ.ಎ. (ಬೋಧನಾ ಸಹಾಯಕ) ಕೆಲಸಕ್ಕೆ ಸ್ಟೈಪೆಂಡ್ ಬರುತ್ತಿತ್ತು. ಮಂಚಕ್ಕೆ ದುಡ್ಡಿತ್ತು. ಅಂಗಡಿಯಲ್ಲಿ ಕಂಡಾಗಲೆಲ್ಲ ‘ಇನ್ನೆಷ್ಟು ದಿನ ಇರ್ತೀನೋ ಏನೋ’ ಅಂದುಕೊಂಡು ಮುಂದೆ ಹೋಗುತ್ತಿದ್ದೆ, ಅಷ್ಟೆ.

ಆ ಭಾನುವಾರ ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತಿದ್ದಾಗ ಅಮ್ಮನ ಕಣ್ಣು ನನ್ನ ಮುಖ ಬಿಟ್ಟು ಬೆನ್ನ ಹಿಂದಕ್ಕೆ ಸರಿಯಿತು. “ಮಂಚ ತಗೊಂಡ್ಯಾ?” ಅಂದಳು. ಹೂಂ ಅಂದೆ. “ಹಾಗಾದ್ರೆ...” ಎಂದು ಶುರುಮಾಡಿ ನಿಲ್ಲಿಸಿದಳು. ಒಲೆ ಮೇಲೆ ಹಾಲಿದೆ ಎಂದು ಫೋನನ್ನು ಅಪ್ಪನ ಕೈಗೆ ಕೊಟ್ಟಳು.

ಆ ಅರ್ಧ ವಾಕ್ಯದೊಳಗಿನ ಪ್ರಶ್ನೆ ನನಗೆ ಹೊಸದಾಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ಚೆನ್ನೈನಲ್ಲಿ, ಜೆಮಿನಿ ಮೇಲ್ಸೇತುವೆ ಪಕ್ಕದ ಅಮೆರಿಕದ ಕಾನ್ಸುಲೇಟಿನಲ್ಲಿ, ಗಾಜಿನ ಆಚೆಯಿದ್ದ ಅಧಿಕಾರಿ ಅದನ್ನೇ ಪೂರ್ತಿ ವಾಕ್ಯದಲ್ಲಿ ಕೇಳಿದ್ದರು: ಓದು ಮುಗಿದ ಮೇಲೆ ಏನು ಮಾಡುತ್ತೀರಿ? ವಾಪಸ್ ಬರುತ್ತೇನೆ ಎಂದು ಅವರಿಗೂ ಹೇಳಿದ್ದೆ, ಅಮ್ಮನಿಗೂ ಹೇಳಿದ್ದೆ. ನಾನು ಸುಳ್ಳು ಹೇಳಿದ್ದೆನೇ? ಮಂಚ ಬಂದ ರಾತ್ರಿಯಿಂದ ಈ ಪ್ರಶ್ನೆ ನನ್ನನ್ನು ಕಾಡಿದೆ.

ಮೊದಲು ಕಾನೂನಿನ ಮಾತು. ಅಮೆರಿಕದ 1952ರ ವಲಸೆ ಕಾನೂನಿನ ಪ್ರಕಾರ ವಿದ್ಯಾರ್ಥಿಯಾಗಿ ಬರುವವನಿಗೆ ತನ್ನ ದೇಶದಲ್ಲೊಂದು ಮನೆ ಇರಬೇಕು, ಆ ಮನೆಯನ್ನು ಬಿಟ್ಟುಬಿಡುವ ಉದ್ದೇಶ ಅವನಿಗೆ ಇರಬಾರದು. ಅದೇ ಕಾನೂನಿನ 214(ಬಿ) ಕಲಮು ವೀಸಾ ಕೇಳುವವನನ್ನು ಅಲ್ಲೇ ನೆಲೆಸಲು ಬಂದವನೆಂದೇ ಎಣಿಸುತ್ತದೆ. ಹಾಗಲ್ಲವೆಂದು ತೋರಿಸಿಕೊಡುವ ಹೊಣೆ ಅವನದು. ಇಷ್ಟು ಕಟ್ಟುನಿಟ್ಟಾದ ದೇಶವೇ ಓದು ಮುಗಿದ ಮೇಲೆ ಓ.ಪಿ.ಟಿ. ಎಂಬ ಹೆಸರಿನಲ್ಲಿ ಒಂದು ವರ್ಷ ಕೆಲಸ ಮಾಡಲು ಬಿಡುತ್ತದೆ. ನಮ್ಮಂಥ ವಿಜ್ಞಾನ, ತಂತ್ರಜ್ಞಾನದವರಿಗೆ ಅದರ ಮೇಲೆ 2008ರಿಂದ 17 ತಿಂಗಳು ಸಿಗುತ್ತಿತ್ತು, 2016ರಲ್ಲಿ ಅದು 24 ತಿಂಗಳಾಯಿತು. ಆಮೇಲೆ ಎಚ್-1ಬಿ ಎಂಬ ಉದ್ಯೋಗ ವೀಸಾ. ಇಲ್ಲಿ ಕಾನೂನು ಇನ್ನೊಂದು ಮಗ್ಗುಲಿಗೆ ತಿರುಗುತ್ತದೆ. 1990ರ ತಿದ್ದುಪಡಿಯ ನಂತರ ಎಚ್-1ಬಿ ನೌಕರ ಹಿಂದಿರುಗುವ ಉದ್ದೇಶವನ್ನೂ ಉಳಿಯುವ ಉದ್ದೇಶವನ್ನೂ ಒಟ್ಟಿಗೇ ಇಟ್ಟುಕೊಳ್ಳಬಹುದು. ವಿದ್ಯಾರ್ಥಿಯಾಗಿದ್ದಾಗ ಒಂದೇ ಮನಸ್ಸು ಇರಬೇಕಾಗಿದ್ದವನಿಗೆ ನೌಕರನಾದ ದಿನ ಎರಡು ಮನಸ್ಸಿಗೆ ಪರವಾನಗಿ. ಈ ನಡುವೆ ಅವನೊಳಗೆ ಬದಲಾದದ್ದು ಏನೂ ಇಲ್ಲ, ಫೈಲಿನೊಳಗಿನ ಕಾಗದ ಬದಲಾಗಿದೆ.

ಕಾನೂನಿಗೆ ನಾಲಿಗೆ ಎರಡು ಎಂದು ನಗುವ ಮೊದಲು ನಮ್ಮ ಮನೆಯನ್ನೂ ನೋಡಬೇಕು. ನನ್ನ ಎಂ.ಎಸ್.ಗಾಗಿ ಅಪ್ಪ ಸೈಟಿನ ಪತ್ರ ಬ್ಯಾಂಕಿನಲ್ಲಿಟ್ಟು ಸಾಲ ತೆಗೆದಿದ್ದರು. ಕಂತು ಕಟ್ಟುವ ಲೆಕ್ಕವನ್ನು ಮ್ಯಾನೇಜರ್ ಹಾಕಿದ್ದು ಡಾಲರ್ ಸಂಬಳದ ಮೇಲೆ. ರೂಪಾಯಿ ಸಂಬಳದಲ್ಲಿ ಆ ಸಾಲ ತೀರುವಷ್ಟರಲ್ಲಿ ನನ್ನ ತಲೆ ನರೆತಿರುತ್ತಿತ್ತು. ಆ ಕಾಗದಗಳಿಗೆ ಸಹಿ ಹಾಕಿ ಬಂದ ಸಂಜೆಯೇ ಅಪ್ಪ, “ಓದು ಮುಗಿಸ್ಕೊಂಡು ಬಂದ್ಬಿಡು ಮಗಾ” ಎಂದಿದ್ದರು. ಸಾಲದ ಲೆಕ್ಕ ಒಂದು ಹೇಳುತ್ತಿತ್ತು, ಬಾಯಿ ಇನ್ನೊಂದು ಹೇಳುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು, ಯಾರೂ ಆಡಲಿಲ್ಲ.

ಹಾಗಾದರೆ ನಾನು ಹೇಳಿದ್ದು ಸುಳ್ಳೇ? ಸುಳ್ಳು ಎನ್ನಬೇಕಾದರೆ ನಿಜ ಏನೆಂದು ನನಗೆ ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ. ಇಲ್ಲಿ ನನಗೆ ನೆರವಾದದ್ದು ನಾನು ಪ್ರತಿ ಗುರುವಾರ ಬಿ.ಎಸ್. ಹುಡುಗರಿಗೆ ಹೇಳಿಕೊಡುತ್ತಿದ್ದ ಪಾಠವೇ.

1936ರಲ್ಲಿ ಅಲನ್ ಟ್ಯೂರಿಂಗ್ ತನ್ನ ಪ್ರಖ್ಯಾತ ಲೇಖನದಲ್ಲಿ ಯಂತ್ರಗಳ ಮಿತಿಯೊಂದನ್ನು ಸಾಧಿಸಿ ತೋರಿಸಿದ. ಇಂದು ಹಾಲ್ಟಿಂಗ್ ಪ್ರಾಬ್ಲಂ ಎಂದು ಕರೆಯುವುದರ ಬೇರು ಅಲ್ಲಿದೆ. ಯಾವ ಪ್ರೋಗ್ರಾಂ ಕೊಟ್ಟರೂ ಸರಿ, ಅದು ಎಂದಾದರೂ ನಿಲ್ಲುತ್ತದೋ ಇಲ್ಲ ಓಡುತ್ತಲೇ ಇರುತ್ತದೋ ಎಂದು ತಪ್ಪದೆ ಹೇಳಬಲ್ಲ ಒಂದು ಸಾರ್ವತ್ರಿಕ ವಿಧಾನ ಇರಲಾರದು. ಸಾಧನೆಯ ಜೀವಾಳ ಸರಳ: ಅಂಥ ವಿಧಾನ ಇದೆ ಎಂದೇ ಇಟ್ಟುಕೊಳ್ಳಿ. ‘ನೀನು ನಿಲ್ಲುತ್ತೀಯ’ ಎಂದು ಅದು ಹೇಳಿದರೆ ಓಡುವ, ‘ಓಡುತ್ತೀಯ’ ಎಂದರೆ ನಿಲ್ಲುವ ಒಂದು ಪ್ರೋಗ್ರಾಂ ಬರೆದು ಅದರ ಮುಂದಿಡಿ. ಆ ವಿಧಾನ ಅಲ್ಲಿಗೇ ಸೋತಿತು. ಹದಿನಾರು ವರ್ಷದ ಮಗ ಮನೆಯಲ್ಲಿರುವವರಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ವರ್ಷವೇ ಸೆಪ್ಟೆಂಬರಿನಲ್ಲಿ, ಇಪ್ಪತ್ತನಾಲ್ಕು ವರ್ಷದ ಟ್ಯೂರಿಂಗ್ ಇಂಗ್ಲೆಂಡಿನಿಂದ ಹಡಗು ಹತ್ತಿ ಪ್ರಿನ್ಸ್‌ಟನ್‌ಗೆ ಓದಲು ಹೊರಟ. ಕಂಪ್ಯೂಟರ್ ಸೈನ್ಸ್ ಎಂಬ ಹೆಸರು ಬರುವ ಮೊದಲೇ ಆ ವಿಷಯದ ವಿದೇಶಿ ವಿದ್ಯಾರ್ಥಿ! 1938ರಲ್ಲಿ ಪಿಎಚ್.ಡಿ. ಪದವಿ ಸಿಕ್ಕಿತು. ಉಳಿಯುವುದಾದರೆ ಜಾನ್ ಫಾನ್ ನಾಯ್ಮನ್ ವರ್ಷಕ್ಕೆ 1,500 ಡಾಲರಿನ ಸಹಾಯಕ ಹುದ್ದೆ ಕೊಡಲು ತಯಾರಿದ್ದ. ಟ್ಯೂರಿಂಗ್ ಕೇಂಬ್ರಿಜ್‌ಗೆ ವಾಪಸಾದ. ಹಡಗು ಹತ್ತುವ ದಿನ ಅವನನ್ನು ಯಾರಾದರೂ ‘ಬರುತ್ತೀಯಾ?’ ಎಂದು ಕೇಳಿದ್ದರೆ ಅವನ ಉತ್ತರ ನಿಜವೋ ಸುಳ್ಳೋ ಎಂದು ತೀರ್ಮಾನಿಸಲು ಎರಡು ವರ್ಷ ಕಾಯಲೇಬೇಕಿತ್ತು.

ಮನುಷ್ಯ ಪ್ರೋಗ್ರಾಂ ಅಲ್ಲ, ಗಣಿತದ ಪ್ರಮೇಯವನ್ನು ಬದುಕಿನ ಮೇಲೆ ಹೊರಿಸುವುದು ಸಲ್ಲದು ಎಂದು ಓದುಗರು ಹೇಳಬಹುದು. ಒಪ್ಪುತ್ತೇನೆ. ಒಂದೊಂದೇ ಪ್ರೋಗ್ರಾಮನ್ನು ಹಿಡಿದು ನೋಡಿದರೆ ಎಷ್ಟೋ ಸಲ ಉತ್ತರ ಗೊತ್ತಾಗುತ್ತದೆ. ಎಲ್ಲಕ್ಕೂ ಹೊಂದುವ ಅಳತೆಗೋಲು ಇಲ್ಲ ಎಂಬುದಷ್ಟೇ ಪ್ರಮೇಯ. ಆದರೆ ವೀಸಾ ಕಿಟಕಿ ಹುಡುಕುವುದು ಅಂಥ ಅಳತೆಗೋಲನ್ನೇ. ಎರಡು ನಿಮಿಷದಲ್ಲಿ ಬ್ಯಾಂಕಿನ ಕಾಗದ, ಅಂಕಪಟ್ಟಿ ನೋಡಿ ಒಂದು ಬದುಕು ಎಲ್ಲಿ ನಿಲ್ಲುತ್ತದೆ ಎಂದು ಹೇಳಬೇಕು. ಮನುಷ್ಯನ ವಿಷಯದಲ್ಲಂತೂ ಓಡುವ ದಾರಿಯೂ ಓಡುತ್ತಿರುವಾಗಲೇ ಬದಲಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಘೋಷಣೆ ಬಂದಾಗ ಎಷ್ಟು ಮನೆಗಳ ಲೆಕ್ಕ ಒಂದೇ ರಾತ್ರಿಯಲ್ಲಿ ಬುಡಮೇಲಾಗಿರಬಹುದು!

ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಅನುಕೂಲವಿತ್ತು. ‘ಭವಿಷ್ಯ ಯಾರಿಗೂ ಗೊತ್ತಿಲ್ಲ, ನಾನು ಸುಳ್ಳು ಹೇಳಿಲ್ಲ’ ಎಂದು ಮಗ್ಗುಲು ಬದಲಿಸಿ ಮಲಗಬಹುದಿತ್ತು. ಆದರೆ ನನ್ನನ್ನು ಕೇಳಿದ್ದು ಭವಿಷ್ಯವನ್ನಲ್ಲ, ಉದ್ದೇಶವನ್ನು. ಎರಡೂ ಬೇರೆ ಎಂಬುದು ನನಗೆ ಹೊಳೆದದ್ದು ಅನಿರೀಕ್ಷಿತ ಜಾಗದಲ್ಲಿ.

ನಾನು ಓದುತ್ತಿದ್ದ, ಮೆಕ್ಕೆಜೋಳದ ಹೊಲಗಳ ನಡುವಿನ ಊರಿನಿಂದ ಒಂದು ಗಂಟೆ ಕಾರಿನ ದಾರಿಯಲ್ಲಿ ಒಂದು ದೇವಸ್ಥಾನವಿತ್ತು. ನಾನು ಹೋಗುತ್ತಿದ್ದುದು ಹೆಚ್ಚಾಗಿ ಪುಳಿಯೋಗರೆಗೆ. ಒಮ್ಮೆ ಸತ್ಯನಾರಾಯಣ ಪೂಜೆಯ ಸಂಕಲ್ಪ ಹೇಳಿಸುತ್ತಿದ್ದ ಅರ್ಚಕರು ಜಂಬೂದ್ವೀಪ ಎನ್ನಬೇಕಾದ ಕಡೆ ಕ್ರೌಂಚದ್ವೀಪ ಎಂದರು. ತಪ್ಪಿದರು ಅಂದುಕೊಂಡೆ. ಊಟದ ಹೊತ್ತಿಗೆ ಕೇಳಿದೆ. “ನೀವು ಕೂತಿರೋದು ಎಲ್ಲಿ? ಇಲ್ಲಿ ಕೂತು ಅಲ್ಲಿಯ ವಿಳಾಸ ಹೇಳಿದರೆ ಸಂಕಲ್ಪ ಆಗುತ್ತಾ?” ಎಂದು ಪುಳಿಯೋಗರೆ ಬಡಿಸಿದರು.

ಸಂಕಲ್ಪದ ವ್ಯಾಕರಣವನ್ನು ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಯಾವ ದ್ವೀಪ, ಯಾವ ನದಿಯ ಯಾವ ದಡ, ಯಾವ ಸಂವತ್ಸರ, ಯಾವ ತಿಥಿ, ಯಾವ ಗೋತ್ರದ ಯಾರು ಎಂದು ಇಷ್ಟುದ್ದ ಹೇಳಿದ ಮೇಲೆಯೇ ‘ಇಂಥದ್ದನ್ನು ಮಾಡುತ್ತೇನೆ’ ಎಂಬ ಪುಟ್ಟ ಕ್ರಿಯಾಪದ ಬರುತ್ತದೆ. ನಿಂತ ನೆಲ ಮೊದಲು, ಮಾಡುವ ಕೆಲಸ ಆಮೇಲೆ. ಭವಿಷ್ಯ ಹೇಳುವವನಿಗೆ ನೆಲ ಬೇಕಿಲ್ಲ. ಭವಿಷ್ಯ ಸುಳ್ಳಾಗಬಹುದು, ಸಂಕಲ್ಪ ಸುಳ್ಳಾಗುವುದಿಲ್ಲ, ಮುರಿಯುತ್ತದೆ. ಮುರಿದದ್ದಕ್ಕೆ ಕಾರಣ ಕೇಳಬಹುದು, ಪ್ರಾಯಶ್ಚಿತ್ತ ಮಾಡಿಕೊಳ್ಳಬಹುದು.

ಈ ಒರೆಗಲ್ಲಿಗೆ ನನ್ನ ಮಾತನ್ನು ತಿಕ್ಕಿ ನೋಡಿದೆ. ಕಿಟಕಿಯ ಮುಂದೆ ನಿಂತ ಇಪ್ಪತ್ತೆರಡರ ಹುಡುಗನಿಗೆ ವಾಪಸ್ ಬರುವ ಮನಸ್ಸು ಇತ್ತು. ಅವನಿಗೆ ಗೊತ್ತಿದ್ದ ಬದುಕೆಲ್ಲ ಊರಲ್ಲೇ ಇತ್ತು. ಬೇರೆಡೆ ಉಳಿಯುವುದು ಹೇಗಿರುತ್ತದೆ ಎಂಬ ಕಲ್ಪನೆಯೂ ಅವನಿಗಿರಲಿಲ್ಲ. ಅಂದಿನ ನೆಲದ ಮೇಲೆ ನಿಂತು ಆಡಿದ ಆ ಮಾತು ಸುಳ್ಳಾಗಿರಲಿಲ್ಲ. ಸುಳ್ಳು ನುಸುಳಿದ್ದು ಆಮೇಲೆ, ಅಮ್ಮನಿಗೆ ಪ್ರತಿ ಭಾನುವಾರ ಅದೇ ಮಾತನ್ನು ಒಪ್ಪಿಸುತ್ತಾ ಹೋದಾಗ.

ಸಾಲ ತೀರಲಿ, ಬರುತ್ತೇನೆ. ಡಿಗ್ರಿ ಆಗಲಿ, ಬರುತ್ತೇನೆ. ಎರಡು ವರ್ಷ ಅನುಭವ ಆಗಲಿ, ಬರುತ್ತೇನೆ. ನನಗಿಂತ ಮುಂದೆ ಹೋದವರ ಬಾಯಲ್ಲಿ ಈ ಸರಣಿಯ ಮುಂದಿನ ಕಂತುಗಳನ್ನೂ ಕೇಳಿದ್ದೆ: ವರ್ಷಕ್ಕೆ 65,000, ಅಲ್ಲಿನ ಮಾಸ್ಟರ್ಸ್ ಪದವಿಯವರಿಗೆ ಮತ್ತೆ 20,000 ಎಂದು ಮಿತಿಯಿರುವ ಎಚ್-1ಬಿ ಲಾಟರಿಯಲ್ಲಿ ಹೆಸರು ಬರಲಿ, ದೇಶಕ್ಕೆ ಶೇಕಡಾ 7 ಎಂಬ ಮಿತಿಯಿಂದಾಗಿ ನಮ್ಮವರಿಗೆ ದಶಕಗಳೇ ಹಿಡಿಯುವ ಗ್ರೀನ್ ಕಾರ್ಡ್ ಸರದಿ ಬರಲಿ, ಮಗುವಿನ ಸ್ಕೂಲು ಮುಗಿಯಲಿ. ನನ್ನ ವಿದ್ಯಾರ್ಥಿಯೊಬ್ಬ ಇಂಥ ಕೋಡ್ ಬರೆದು ತಂದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಲೂಪಿನಿಂದ ಹೊರಬರುವ ಷರತ್ತನ್ನು ಲೂಪಿನ ಒಳಗೇ ಪ್ರತಿ ಸುತ್ತೂ ಮುಂದಕ್ಕೆ ತಳ್ಳಿದರೆ ಅದು ಎಂದಾದರೂ ನಿಲ್ಲುತ್ತದೆಯೇ ಎಂದು ಕೇಳಲು ಟ್ಯೂರಿಂಗ್ ಬೇಕಿಲ್ಲ. ‘ಒಂದಿನ ಬರ್ತೀನಿ’ ಎಂಬುದಕ್ಕೆ ತಿಥಿ ಇಲ್ಲ, ದಡ ಇಲ್ಲ. ಅದು ಸಂಕಲ್ಪದ ವೇಷ ಹಾಕಿದ ಸಮಾಧಾನ.

ಹೀಗೆ ಉಳಿದುಬಿಡುವುದಕ್ಕೆ ಪ್ರತಿಭಾ ಪಲಾಯನ ಎಂದು ಹೆಸರಿಟ್ಟು ತೀರ್ಪು ಕೊಡುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ನಾನು ಓದಿದ್ದು ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ. ನನ್ನ ಫೀಸಿನ ಬಹುಪಾಲು ಕಟ್ಟಿದ್ದು ನನ್ನನ್ನು ಎಂದೂ ನೋಡದ ಜನ. ಒಬ್ಬರು ವಾಪಸ್ ಬಂದರೆ ಏನಾಗಬಲ್ಲದು ಎನ್ನುವುದಕ್ಕೆ ವಿ. ರಾಜಾರಾಮನ್ ಅವರೇ ಉದಾಹರಣೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತು, 1961ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪಿಎಚ್.ಡಿ. ಪಡೆದು, ಮರಳಿ ಐಐಟಿ ಕಾನ್ಪುರದಲ್ಲಿ ಕಂಪ್ಯೂಟರ್ ಪಾಠಕ್ಕೆ ಅಡಿಗಲ್ಲಿಟ್ಟವರು. ಸಂಖ್ಯೆಯೊಂದು ಅವಿಭಾಜ್ಯವೇ ಎಂದು ದಕ್ಷವಾಗಿ, ಖಚಿತವಾಗಿ ಹೇಳುವ ವಿಧಾನವನ್ನು 2002ರಲ್ಲಿ ಮಣೀಂದ್ರ ಅಗರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಜಗತ್ತಿಗೆ ಕೊಟ್ಟದ್ದು ಅದೇ ಕಾನ್ಪುರದಿಂದ. ಇತ್ತ ರಾಜ್ ರೆಡ್ಡಿ ಸ್ಟ್ಯಾನ್‌ಫರ್ಡ್‌ನಲ್ಲಿ 1966ರಲ್ಲಿ ಪಿಎಚ್.ಡಿ. ಮುಗಿಸಿ ಅಮೆರಿಕದಲ್ಲೇ ಉಳಿದರು, 1994ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದರು, ಹೈದರಾಬಾದಿನ ಐಐಐಟಿಯನ್ನು ಬೆಳೆಸಲು ಕೈಜೋಡಿಸಿದರು. ಮರಳಿದವರ ಕತೆ ಮರಳಲೆಂದೇ ಹೋದ ಹಾಗೆ ಕಾಣುತ್ತದೆ, ಉಳಿದವರದು ಉಳಿಯಲೆಂದೇ ಹೋದ ಹಾಗೆ. ಇದು ಕೊನೆಯ ಪುಟದಿಂದ ಹಿಂದಕ್ಕೆ ಓದುವವರ ಸುಖ. ಹಾಗೆಂದು ರೆಡ್ಡಿಯವರ ಹೆಸರು ಹೇಳಿ ನಾವೆಲ್ಲ ಬಚಾವಾಗುವಂತಿಲ್ಲ. ಋಣ ಇದ್ದೇ ಇದೆ. ಆದರೆ ‘ಒಂದಿನ’ ಎಂಬ ತಾರೀಖಿಗೆ ಬರೆದ ಚೆಕ್ಕಿನಿಂದ ಯಾವ ಋಣವೂ ತೀರುವುದಿಲ್ಲ ಎಂಬುದು ನನ್ನ ವಾದ.

ತೀರದ ಋಣಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನಮ್ಮ ವಿಷಯದ ಸಮ್ಮೇಳನಗಳಿಗೆ ಪ್ರಬಂಧ ಕಳಿಸುವ ಗಡುವನ್ನು ‘ಎನಿವೇರ್ ಆನ್ ಅರ್ಥ್’ ಎಂಬ ಗಡಿಯಾರದಲ್ಲಿ ಹೇಳುವ ರೂಢಿಯಿದೆ. ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಆ ದಿನ ಇನ್ನೂ ಮುಗಿದಿಲ್ಲವಾದರೆ ಗಡುವೂ ಮುಗಿದಿಲ್ಲ. ಗ್ರೀನಿಚ್‌ಗಿಂತ ಹನ್ನೆರಡು ಗಂಟೆ ಹಿಂದಿರುವ ಆ ಸಮಯ ಪೆಸಿಫಿಕ್ ಸಾಗರದ ಬೇಕರ್, ಹೌಲ್ಯಾಂಡ್ ದ್ವೀಪಗಳದು. ಆ ದ್ವೀಪಗಳಲ್ಲಿ ಮನುಷ್ಯರು ವಾಸವಿಲ್ಲ. ನೆಲದ ಮೇಲಿನ ಹಾಸಿಗೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಳಗಿನ ಜಾವ ಪ್ರಬಂಧ ಕಳಿಸುತ್ತಿದ್ದಾಗ ಒಮ್ಮೆ ಅನ್ನಿಸಿತು: ಬರೀ ಗಡುವಿನ ದಿನವಲ್ಲ, ನಾಲ್ಕು ವರ್ಷವೂ ನಾನು ಬದುಕಿದ್ದು ಆ ದ್ವೀಪದ ಹೊತ್ತಿನಲ್ಲೇ. ಅಮ್ಮನ ಬೆಳಗೂ ನನ್ನದಲ್ಲ, ಕಿಟಕಿಯಾಚೆಯ ಹಿಮವೂ ನನ್ನದಲ್ಲ. ಪಕ್ಕದ ಮನೆಯವರ ಹೆಸರು ಕೇಳಿರಲಿಲ್ಲ, ಹೇಗೂ ಹೋಗುವವನು. ಹತ್ತನೆಯ ತರಗತಿಯ ಗೆಳೆಯನ ಮದುವೆಗೆ ಹೋಗಿರಲಿಲ್ಲ. ಹೇಗೂ ವಾಪಸ್ ಬರುವವನು. ನೆಲದ ಹಾಸಿಗೆಯನ್ನು ನಾನು ಸರಳತೆ ಎಂದು ಕರೆದುಕೊಂಡಿದ್ದೆ. ನಿಜದಲ್ಲಿ ಅದೊಂದು ಅಭಿನಯ, ಹೊರಟು ನಿಂತವನ ಪಾತ್ರ.

ಅದಕ್ಕೇ ಹೇಳುತ್ತೇನೆ: ಮಂಚ ಕೊಂಡದ್ದು ಊರಿಗೆ ಬೆನ್ನು ತಿರುಗಿಸಿದ ಗುರುತಾಗಿರಲಿಲ್ಲ. ನಾಲ್ಕು ವರ್ಷಗಳಲ್ಲಿ ನಾನು ನಿಂತ ನೆಲದ ಹೆಸರನ್ನು ಸರಿಯಾಗಿ ಹೇಳಿದ್ದು ಅದೇ ಮೊದಲು. ಪ್ರಾಮಾಣಿಕತೆ ಎಂದರೆ ಮಾತನ್ನು ಕಾಲಿಗೆ ಸಿಗುವಷ್ಟು ನೆಲಕ್ಕೆ ಕತ್ತರಿಸಿಕೊಳ್ಳುವುದು ಎಂದು ಈಗ ನನಗೆ ಅನ್ನಿಸುತ್ತದೆ. ಯಾವ ತಿಂಗಳು ಸಾಲ ತೀರುತ್ತದೆ, ಬೇಸಿಗೆಯಲ್ಲಿ ಎಷ್ಟು ವಾರ ಬರುತ್ತೇನೆ, ಇದನ್ನು ಹೇಳಬಹುದು, ಹೇಳಿದ ಮೇಲೆ ಮಾಡಬಹುದು, ಮಾಡದಿದ್ದರೆ ಉತ್ತರ ಕೊಡಬಹುದು. ಅದರಾಚೆಯದನ್ನು ಓಡಿಯೇ ನೋಡಬೇಕು.

ಮುಂದಿನ ಭಾನುವಾರ ನಾನಾಗಿಯೇ ಆ ಮಾತು ಎತ್ತಿದೆ. “ಬರ್ತೀನೋ ಇಲ್ವೋ ನನಗೆ ಗೊತ್ತಿಲ್ಲಮ್ಮ. ಜೂನ್‌ನಲ್ಲಿ ಮೂರು ವಾರ ಬರ್ತೀನಿ, ಟಿಕೆಟ್ ಆಗಿದೆ. ಮಂಚ ಮಲಗೋಕೆ ತಗೊಂಡೆ.” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಫೋನನ್ನು ತಿರುಗಿಸು, ಕೋಣೆ ಪೂರ್ತಿ ತೋರಿಸು ಅಂದಳು. ತೋರಿಸಿದೆ.

“ಕಿಟಕಿ ಯಾವ ದಿಕ್ಕಿಗಿದೆ?”

“ಉತ್ತರಕ್ಕೆ.”

“ದಿಂಬು ಆ ಕಡೆ ಯಾಕಿಟ್ಟಿದ್ದೀಯ? ಉತ್ತರಕ್ಕೆ ತಲೆ ಹಾಕಿ ಮಲಗ್ತಾರೇನೋ? ತೆಗೆದು ಈ ಕಡೆ ಇಡು.”

ಫೋನನ್ನು ಮೇಜಿನ ಮೇಲಿಟ್ಟು, ಅವಳು ನೋಡುತ್ತಿರುವಾಗಲೇ ದಿಂಬನ್ನು ದಕ್ಷಿಣಕ್ಕೆ ಇಟ್ಟೆ.