ಗಂಟೆಯ ಸದ್ದು, ವೈದ್ಯರ ಕೈ

ತರ್ಕಶಾಸ್ತ್ರವೆಂದೊಡನೆ ಅದು ಗುರುಮಠದ ತರಗತಿಗಳಿಗೆ ಸೇರಿದ ಒಣ ವಿದ್ಯೆಯೆಂದು ನಾವು ಪಕ್ಕಕ್ಕಿಡುತ್ತೇವೆ. ಆದರೆ ಮೋಡ ಕಂಡು ಕೊಡೆ ಹಿಡಿಯುವವನೂ, "ಆ ಮನೆತನದವರೆಲ್ಲ ಅಂಥವರೇ" ಎಂದು ಬಂದ ಸಂಬಂಧವನ್ನು ತಳ್ಳಿಹಾಕುವವನೂ ತರ್ಕವನ್ನೇ ಮಾಡುತ್ತಿದ್ದಾರೆ. ಅದು ಸರಿಯಾದ ತರ್ಕವೇ ಎಂಬುದಷ್ಟೇ ಪ್ರಶ್ನೆ.

ತರ್ಕದ ಹಾದಿಗಳು ಮುಖ್ಯವಾಗಿ ಎರಡು. ಮನುಷ್ಯರೆಲ್ಲರೂ ಮರ್ತ್ಯರು, ಸಾಕ್ರಟೀಸನು ಮನುಷ್ಯ, ಆದ್ದರಿಂದ ಸಾಕ್ರಟೀಸನು ಮರ್ತ್ಯ: ಇದು ನಿಗಮನ. ಇಲ್ಲಿ ಮೊದಲ ಮಾತುಗಳು ನಿಜವಾದರೆ ಕೊನೆಯದು ಸುಳ್ಳಾಗಲಾರದು. ಕಂಡ ಹಲವು ಸಂಗತಿಗಳಿಂದ ಕಾಣದ ಸಂಗತಿಗಳ ಬಗ್ಗೆ ತೀರ್ಮಾನಿಸುವುದು ಅನುಗಮನ. ಇದಕ್ಕೆ ಅಂಥ ಖಾತರಿಯಿಲ್ಲ. ಹಂಸಗಳೆಲ್ಲ ಬಿಳಿಯವೆಂದು ಯುರೋಪಿನವರು ಶತಮಾನಗಳ ಕಾಲ ನಂಬಿದ್ದರು. 1697ರಲ್ಲಿ ಡಚ್ ನಾವಿಕರು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಪ್ಪು ಹಂಸಗಳನ್ನು ಕಂಡರು.

ಈ ಎರಡೂ ಹಾದಿಗಳು ಜೀವ ಉಳಿಸಿದ ಒಂದು ಪ್ರಸಂಗವನ್ನು ನೋಡೋಣ. ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ 11ಕ್ಕಿಂತ ಹೆಚ್ಚು ತಾಯಂದಿರು ಮರಣ ಹೊಂದಿದರು. ಎರಡನೆಯದರಲ್ಲಿ ನೂರಕ್ಕೆ 3ಕ್ಕಿಂತ ಕಡಿಮೆ. ಮೊದಲ ವಿಭಾಗ ಬೇಡವೆಂದು ಬಸುರಿಯರು ಅಂಗಲಾಚುತ್ತಿದ್ದರು. ಕಾರಣ ಹುಡುಕಹೊರಟವನು ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ಹಂಗೆರಿಯ ಯುವ ವೈದ್ಯ.

ಅವನ ಮುಂದಿದ್ದ ಊಹೆಗಳಲ್ಲಿ ಒಂದು ನಮ್ಮ ಗಮನಕ್ಕೆ ವಿಶೇಷವಾಗಿ ಅರ್ಹವಾದುದು. ಸಾಯುತ್ತಿದ್ದವರಿಗೆ ಕೊನೆಯ ಸಂಸ್ಕಾರ ನೀಡಲು ಬರುವ ಗುರುಗಳು ಮೊದಲ ವಿಭಾಗದಲ್ಲಿ ಐದು ಕೋಣೆಗಳನ್ನು ದಾಟಿ ಹೋಗಬೇಕಿತ್ತು; ಅವರ ಮುಂದೆ ಗಂಟೆ ಬಾರಿಸುವವನೊಬ್ಬ ನಡೆಯುತ್ತಿದ್ದ. ಆ ಸದ್ದಿನ ಭಯವೇ ಬಾಣಂತಿಯರನ್ನು ಕೊಲ್ಲುತ್ತಿದೆಯೆಂದು ಕೆಲವರು ಹೇಳಿದರು. ಇದನ್ನು ಕೇಳಿ ನಗಬೇಡಿ. ಎರಡನೆಯ ವಿಭಾಗದಲ್ಲಿ ಗುರುಗಳಿಗೆ ನೇರ ದಾರಿಯಿತ್ತು, ವ್ಯತ್ಯಾಸವಂತೂ ಕಣ್ಣಿಗೆ ಕಾಣುತ್ತಿತ್ತು. ಸೆಮ್ಮೆಲ್ವೈಸನೂ ನಗಲಿಲ್ಲ. ಬೇರೆ ದಾರಿಯಲ್ಲಿ, ಗಂಟೆಯಿಲ್ಲದೆ ಬರುವಂತೆ ಗುರುಗಳನ್ನು ವಿನಂತಿಸಿಕೊಂಡ. ಭಯವೇ ಕಾರಣವಾಗಿದ್ದರೆ ಸಾವು ಇಳಿಯಬೇಕು, ಇಳಿಯಲಿಲ್ಲ, ಆದ್ದರಿಂದ ಆ ಊಹೆ ನಿಲ್ಲದು. ಇದು ನಿಗಮನದ ಪೆಟ್ಟು.

1847ರ ಮಾರ್ಚಿಯಲ್ಲಿ ಅವನ ಸ್ನೇಹಿತ ಕೊಲೆಚ್ಕಾ ಎಂಬ ಪ್ರಾಧ್ಯಾಪಕ, ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚೂರಿ ತಾಗಿ, ಬಾಣಂತಿ ನಂಜಿನ ಲಕ್ಷಣಗಳಿಂದಲೇ ತೀರಿಕೊಂಡ. ವಿದ್ಯಾರ್ಥಿಗಳು ಶವ ಕೊಯ್ದ ಕೈಯಲ್ಲೇ ಹೆರಿಗೆಕೋಣೆಗೆ ಬರುತ್ತಿದ್ದರು! ಮೇ ತಿಂಗಳಿನಿಂದ ಎಲ್ಲರೂ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟಳೆಯಾಯಿತು. 1848ರಲ್ಲಿ ಮರಣ ನೂರಕ್ಕೆ ಒಂದೂಕಾಲರಷ್ಟಕ್ಕೆ ಇಳಿಯಿತು.

ಅಲ್ಲಿಗೆ ಊಹೆ ಸಾಧಿತವಾಯಿತೇ? ಮಳೆ ಬಂದರೆ ಅಂಗಳ ನೆನೆಯುತ್ತದೆ, ಅಂಗಳ ನೆನೆದಿದೆ, ಹಾಗೆಂದು ಮಳೆ ಬಂದಿದೆಯೆನ್ನಲಾಗದು. ಮನೆಯಾಕೆ ನೀರು ಚಿಮುಕಿಸಿರಬಹುದು. ಊಹೆಯನ್ನು ಕೆಡವಲು ನಿಗಮನ ಸಾಕು, ನಿಲ್ಲಿಸಲು ಅನುಗಮನದ ತಾಳ್ಮೆ ಬೇಕು. ಶವದ ಕಣಗಳೇ ಕಾರಣವೆಂಬ ಅವನ ಮೊದಲ ಮಾತೂ ಪೂರ್ಣವಾಗಿರಲಿಲ್ಲ. ಕ್ಯಾನ್ಸರಿನ ಹುಣ್ಣು ಕೊಳೆಯುತ್ತಿದ್ದ ಒಬ್ಬಳನ್ನು ಮುಟ್ಟಿದ ಕೈ ಬರಿಯ ಸಾಬೂನಿನ ತೊಳೆತದ ಬಳಿಕ ಇತರ ಹನ್ನೆರಡು ಮಂದಿಯನ್ನು ಪರೀಕ್ಷಿಸಿದಾಗ ಹನ್ನೊಂದು ಮಂದಿ ಸತ್ತರು. ಕೊಳೆತದ್ದು ಜೀವಂತ ದೇಹದಲ್ಲಿದ್ದರೂ ಕೊಲ್ಲುತ್ತದೆಂದು ಅವನು ತನ್ನ ಊಹೆಯನ್ನು ವಿಸ್ತರಿಸಿಕೊಂಡ.

ನಮ್ಮ ಮನೆಗಳ ಊಹೆಗಳಿಗೆ ಈ ಭಾಗ್ಯವಿಲ್ಲ. ಸೊಸೆ ಮೌನವಾಗಿದ್ದರೆ ಗರ್ವ, ಮಾತಾಡಿದರೆ ಬಾಯಿಬಡುಕಿ, ತವರಿಗೆ ಹೋದರೆ ತಾತ್ಸಾರ, ಹೋಗದಿದ್ದರೆ ನಟನೆ. ಅವಳು ಏನು ಮಾಡಿದರೆ ಅತ್ತೆಯ ಊಹೆ ಸುಳ್ಳಾಗುತ್ತದೆ? ಎಲ್ಲದರಿಂದಲೂ ಸಾಬೀತಾಗುವ ಆರೋಪವು ಯಾವುದನ್ನೂ ನೋಡಿ ಹುಟ್ಟಿದ್ದಲ್ಲ.

ಅಂಕಿಗಳು ಅಷ್ಟು ಸ್ಪಷ್ಟವಿದ್ದರೂ ಅನೇಕ ಹಿರಿಯ ವೈದ್ಯರು ಸೆಮ್ಮೆಲ್ವೈಸನನ್ನು ಒಪ್ಪಲಿಲ್ಲ. ಅವರಿಗೆ ಬೇರೆ ಸಿದ್ಧಾಂತಗಳಿದ್ದವು ನಿಜ. ಆದರೆ ಆ ತೀರ್ಮಾನವನ್ನು ಒಪ್ಪುವವನು ತನ್ನ ಕೈಯನ್ನೂ ನೋಡಿಕೊಳ್ಳಬೇಕಿತ್ತು. 1861ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸೆಮ್ಮೆಲ್ವೈಸನು, ತಾನು ಅನೇಕ ಶವಗಳನ್ನು ಕೊಯ್ದವನೆಂದೂ, ತನ್ನಿಂದ ಅಕಾಲದಲ್ಲಿ ಮಣ್ಣಾದ ತಾಯಂದಿರ ಲೆಕ್ಕ ದೇವರಿಗೊಬ್ಬನಿಗೇ ಗೊತ್ತೆಂದೂ ಒಪ್ಪಿಕೊಂಡ.